ಬಾಲದ ಚುಕ್ಕಿ

ಬೆಳ್ಳಿ ಮೂಡುವ ಹೊತ್ತಿಗೆ ಇಂದುಧರ ಕ್ಯಾಮೆರಾ ಹೆಗಲಿಗೇರಿಸಿ ಆಶ್ರಮದಿಂದ ಹೊರಟ. ಹೊಳೆಯ ದಡಕ್ಕೆ ಹೋದರೆ ಬಾಲದ ಚುಕ್ಕಿ ಕಾಣುತ್ತಿತ್ತು. ಮೂಡಣದಲ್ಲಿ, ತೀರಾ ಕೆಳಗೆ. ಬೆಳಕು ಹರಿದರೆ ಮಾಯ.

ಅಡುಗೆಮನೆಯ ಹಿಂದಿನ ಕೋಣೆಯಿಂದ ನೀಲವ್ವ ಕೂಗಿದಳು. ಅವನು ಆಶ್ರಮಕ್ಕೆ ಬಂದಂದಿನಿಂದ ಉಣಬಡಿಸಿದವಳು. ಈಗ ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಳು.

"ತಮ್ಮಾ, ನನ್ನೂ ಎತ್ಕೊಂಡು ಹೋಗಪ್ಪ. ಒಂದು ಸಲ ನೋಡಿಬಿಡ್ತೀನಿ."

"ನಾಳೆ ಕರ್ಕೊಂಡು ಹೋಗ್ತೀನಿ, ನೀಲವ್ವ. ಇವತ್ತು ಆಕಾಶ ತಿಳಿಯಾಗಿದೆ. ತಡವಾದರೆ ಚಿತ್ರ ಸಿಗಲ್ಲ."

"ನಿನ್ನೆನೂ ನಾಳೆ ಅಂದಿದ್ದಿ."

ಅಂಗಳದಲ್ಲಿ ಕೋಲೂರಿ ನಿಂತಿದ್ದ ಗುರುಗಳು ಕೇಳಿದರು. "ಅವಳ ಭಾರ ಹೆಚ್ಚೋ, ಆ ಡಬ್ಬಿಯದೋ?"

"ಎರಡನ್ನೂ ಒಟ್ಟಿಗೆ ಹೊರಲಾರೆ, ಗುರುಗಳೇ."

"ಅದನ್ನಲ್ಲ ನಾನು ಕೇಳಿದ್ದು."

ಇಂದುಧರ ಆಗಲೇ ದಡದ ದಾರಿ ಹಿಡಿದಿದ್ದ.

ಅಂದು ಚುಕ್ಕಿ ಒಲಿಯಿತು. ಕಪ್ಪು ನೀರಿನ ಮೇಲೆ, ಕೆಂಪೇರುವ ಅಂಚಿನಲ್ಲಿ, ಬಿಳಿ ಬಾಲ ಚಾಚಿ ನಿಂತಿತ್ತು. ಅವನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಕ್ಯಾಮೆರಾದ ತೆರೆಯ ಮೇಲೆ ಚಿತ್ರ ಮೂಡಿದಾಗ ಕಣ್ಣಲ್ಲಿ ನೀರು ಬಂತು. ಗುರುಗಳಿಗೆ ತೋರಿಸಬೇಕೆಂದು ಓಡಿ ಬಂದ.

ಗುರುಗಳು ನೀಲವ್ವನ ಹೊಸ್ತಿಲಲ್ಲಿ ಕೂತಿದ್ದರು. ಅವಳ ತಲೆ ಅವರ ತೊಡೆಯ ಮೇಲಿತ್ತು.

"ತೆವಳಿಕೊಂಡು ಇಲ್ಲಿವರೆಗೆ ಬಂದಿದ್ದಾಳೆ," ಎಂದರು. "ಸದ್ದು ಕೇಳಿ ನಾನು ಬರುವಷ್ಟರಲ್ಲಿ ಮುಗಿದಿತ್ತು."

ಆ ಬಾಗಿಲು ಇದ್ದದ್ದು ಪಡುವಣಕ್ಕೆ.

ಗುರುಗಳು ತಲೆಯೆತ್ತಿ ಇಂದುಧರನನ್ನು ನೋಡಿದರು.

"ಸಿಕ್ಕಿತೇನಪ್ಪ?"

ಅವನು ಕ್ಯಾಮೆರಾ ಕೊಟ್ಟ. ಗುರುಗಳು ಚಿತ್ರ ನೋಡಲಿಲ್ಲ. ಅದನ್ನು ನೀಲವ್ವನ ಮುಖದೆದುರು ಹಿಡಿದರು. ತೆರೆಯ ಬೆಳಕು ಅವಳ ಅರೆತೆರೆದ ಕಣ್ಣುಗಳ ಮೇಲೆ ಬಿತ್ತು.

"ಬೇಡಿ, ಗುರುಗಳೇ!"

ಅವರು ಹಿಡಿದೇ ಇದ್ದರು.

"ನಾನೇನು ಮಾಡಲಿ?" ಇಂದುಧರ ಕುಸಿದು ಕೂತ. "ಇವತ್ತು ತಪ್ಪಿದ್ದರೆ ತಪ್ಪಿಯೇ ಹೋಗ್ತಿತ್ತು. ಆ ಚುಕ್ಕಿ ಮತ್ತೆ ಬರೋದಕ್ಕೆ ಸಾವಿರಾರು ವರ್ಷ ಬೇಕು."

ಗುರುಗಳು ಕ್ಯಾಮೆರಾವನ್ನು ನೆಲಕ್ಕಿಟ್ಟು, ನೀಲವ್ವನ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿದರು.

"ಅದಾದರೂ ಬರುತ್ತದಲ್ಲ."