ಸಭೆಯ ಸಾಲು

ನದಿಯ ದಂಡೆಯ ಲುಥೆರನ್ ಕ್ರೈಸ್ತ ಸಭೆಗೆ ನೂರು ವರ್ಷ ತುಂಬುವುದರಲ್ಲಿತ್ತು. ಸಭೆಯ ಹಿರಿಯರು ಕೂಡಿ, ಅದರ ಚರಿತ್ರೆ ಬರೆಯುವ ಕೆಲಸವನ್ನು ಪಾದ್ರಿಯ ಕೈಕೆಳಗಿನ ಬೋಧಕ, ಉಪದೇಶಿ ಎಬಿನೇಜರನಿಗೆ ಒಪ್ಪಿಸಿದರು. ಬೇರೆ ಯಾರೂ ಮುಂದೆ ಬಂದಿರಲಿಲ್ಲ.

ಎಬಿನೇಜರ ಎರಡು ತಿಂಗಳಲ್ಲಿ ಬರೆದು ಮುಗಿಸಿ, ತನ್ನ ಗುರು ದೇವದಾನ ಅಯ್ಯನವರ ಬಳಿಗೆ ಹೋದ. ಅಯ್ಯನವರು ನಿವೃತ್ತ ಪಾದ್ರಿ, ಕಣ್ಣಿಗೆ ಪೊರೆ ಬಂದಿತ್ತು. ನದಿಯ ಮೆಟ್ಟಿಲ ಮೇಲೆ ಕೂತು, ಓದು ಅಂದರು.

ಮೊದಲು ಸಭೆ ಸೊರಗಿದ ಕಾಲ. ಹದಿನಾಲ್ಕು ಪುಟ. ನೂಲಿನ ಗಿರಣಿ ಮುಚ್ಚಿದ್ದು, ಆಚೆ ದಡದಲ್ಲಿ ಡ್ರಮ್ಮು ಗಿಟಾರುಗಳ ಪ್ರಾರ್ಥನಾಲಯ ಎದ್ದದ್ದು, ಮುಂದಿನ ಬೆಂಚು ತಮ್ಮದೆಂದು ಎರಡು ಮನೆತನಗಳು ಕೋರ್ಟಿಗೆ ಹೋದದ್ದು. ಊರಿನ ಎಲ್ಲರ ತಪ್ಪೂ ಅದರಲ್ಲಿತ್ತು. ಉಪದೇಶಿಯದು ಇರಲಿಲ್ಲ.

ಆಮೇಲೆ ಸಭೆ ಚೇತರಿಸಿಕೊಂಡ ಕಾಲ. ಐದು ಪುಟ. ಬಹುಪಾಲು ಎಬಿನೇಜರ ಭಾನುವಾರಗಳಲ್ಲಿ ಮಾಡಿದ ಬೋಧನೆಗಳ ಸಾರಾಂಶ.

ಅಯ್ಯನವರು ಕೊನೆಯವರೆಗೂ ಕೇಳಿದರು.

"ಮಿಲ್ಕಮ್ಮ ಯಾವ ಪುಟದಲ್ಲಿ ಬರ್ತಾಳೆ?"

"ಇನ್ನೂ ಸೇರಿಸಿಲ್ಲ ಅಯ್ಯನವರೇ. ಜಾಗ ಸಾಲಲಿಲ್ಲ."

ಮಿಲ್ಕಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆದು ನಿವೃತ್ತಳಾದ ಹೆಂಗಸು. ಒಡಕು ದನಿ. ರಾಗದ ಪರಿಚಯವೇ ಇರಲಿಲ್ಲ.

ಆರಾಧನೆಯಲ್ಲಿ ಪಾದ್ರಿ ಒಂದು ಸಾಲು ಹಾಡಿದರೆ ಸಭೆ ಒಂದು ಸಾಲು ಹಾಡಿ ಉತ್ತರ ಕೊಡಬೇಕು. ಅದು ಅವರ ಪದ್ಧತಿ. ಮೇಲಿನವರು ಪಾದ್ರಿಯನ್ನು ಕಳಿಸುವುದನ್ನು ನಿಲ್ಲಿಸಿದ ಮೇಲೆ ಪಾದ್ರಿಯ ಸಾಲು ಎಬಿನೇಜರನ ಪಾಲಿಗೆ ಬಂತು. ಜನ ಕಡಿಮೆಯಾಗಿ ಉತ್ತರ ಗೊಣಗಾಟವಾದಾಗ, ಮರ್ಯಾದೆ ಉಳಿಯಲೆಂದು ಸಭೆಯ ಸಾಲನ್ನೂ ಅವನೇ ಹಾಡತೊಡಗಿದ. ಚೆನ್ನಾಗಿಯೇ ಹಾಡುತ್ತಿದ್ದ. ಹನ್ನೊಂದು ವರ್ಷ ಹಾಡಿದ.

ಒಂದು ಭಾನುವಾರ, ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ, ಮಿಲ್ಕಮ್ಮ ಹಿಂದಿನ ಬೆಂಚಿನಿಂದ ಸಭೆಯ ಸಾಲನ್ನು ಕೂಗಿಬಿಟ್ಟಳು. ಅವನು ದುರುಗುಟ್ಟಿ ನೋಡಿದ. ನಿಂದು ಆಯ್ತಲ್ಲ ತಮ್ಮಾ, ಇದು ನಮ್ಮದು, ಅಂದಳು.

ಮುಂದಿನ ವಾರ ಇನ್ನಿಬ್ಬರು ದನಿಗೂಡಿಸಿದರು. ಅವಳ ಅಪಸ್ವರಕ್ಕೆ ನಗಲೆಂದೇ ಕೆಲವರು ಬಂದರು. ನಗುತ್ತ ನಗುತ್ತ ಹಾಡಿದರು, ಮತ್ತೆ ಬಂದರು. ಮೂರು ವರ್ಷದಲ್ಲಿ ಬೆಂಚು ಸಾಲದೆ ಚಾಪೆ ಹಾಸಬೇಕಾಯಿತು.

ಭೇಟಿಗೆ ಬಂದ ಬಿಷಪ್ಪರು ಮಿಲ್ಕಮ್ಮ ಯಾರೆಂದು ವಿಚಾರಿಸಿ ಅವಳ ಕೈ ಕುಲುಕಿದರು. ಕುಲುಕಲು ಕೈ ಖಾಲಿ ಇರಬೇಕಿತ್ತು. ತಮ್ಮ ಚಹದ ಕಪ್ಪನ್ನು ಎಬಿನೇಜರನಿಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡು ನಿಂತ. ಅಂದಿನಿಂದ ಅವನಿಗೆ ಚಹ ಸೇರದು.

"ಜಾಗ ಸಾಲಲಿಲ್ಲ ಅನ್ನು," ಅಂದರು ಅಯ್ಯನವರು. "ಆಗಲಿ. ಏಳು, ಆರಾಧನೆ ಮಾಡೋಣ. ನಾನು ಪಾದ್ರಿ, ನೀನು ಸಭೆ."

ಅವರು ಮೊದಲ ಸಾಲು ಹಾಡಿದರು. ಎಬಿನೇಜರ ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಹಾಡಿ ಮುಗಿಸಿದರು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅವನು ಆತುರಪಟ್ಟ, ಮುದುಕರು ಇನ್ನೂ ಆತುರಪಟ್ಟರು. ಐದನೆಯದಕ್ಕೆ ಅವನು ಮೆಟ್ಟಿಲ ಮೇಲೆ ಕೂತು ನೀರಿನಲ್ಲಿದ್ದ ಮೀನು ನೋಡತೊಡಗಿದ.

"ಯಾಕೆ ಕೂತೆ?"

"ಇಲ್ಲಿ ನನಗೇನು ಕೆಲಸ?"

ಅಂದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ಹದಿನಾಲ್ಕು ಪುಟಗಳನ್ನು ಮಡಚಿ ಕೆಳಗಿಟ್ಟ.

"ಅವಳಿಗೆ ಹಾಡೋಕೇ ಬರಲ್ಲ ಅಯ್ಯನವರೇ. ಒಂದು ಸಾಲೂ ಶ್ರುತಿಗೆ ಕೂರಲ್ಲ. ನಾನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಜ್ವರದಲ್ಲೂ ಹೋದೆ. ಗುಡಿಸಿದ್ದು ನಾನು, ಗಂಟೆ ಹೊಡೆದದ್ದು ನಾನು, ಬಾವಲಿ ಓಡಿಸಿದ್ದು ನಾನು. ಜನ ಬಂದದ್ದು ಅವಳಿಗೆ. ಅವಳ ಹೆಸರು ಬರೆಯೋಕೆ ಹೋದರೆ ಹೊಟ್ಟೆ ಉರಿಯುತ್ತೆ."

"ಉರಿಯಲಿ. ಬರಿ."

"ಬರೀತೀನಿ. ಆಮೇಲೆ ಈ ಚರಿತ್ರೆಯಲ್ಲಿ ನಾನೆಲ್ಲಿ?"

ಅಯ್ಯನವರು ಕೋಲಿಗಾಗಿ ತಡಕಾಡಿದರು. ಅವನು ಎತ್ತಿಕೊಟ್ಟ.

"ತೀರಾ ಕೆಟ್ಟ ವರ್ಷದಲ್ಲಿ ಸಭೆಯಲ್ಲಿ ಎಷ್ಟು ಜನ ಉಳಿದಿದ್ದರು?"

"ಒಂಬತ್ತು."

"ನಿನ್ನನ್ನೂ ಸೇರಿಸಿಯಾ?"

"ಇಲ್ಲ. ನಾನು ಎದುರಿಗೆ ನಿಂತಿದ್ದೆನಲ್ಲ."

"ಹತ್ತು ಅಂತ ತಿದ್ದು," ಅಂದರು ಅಯ್ಯನವರು.