ನರಿಯ ಒಡ್ಡು, ಏಡಿಗಳ ಬಿಲ

ಒಂದು ಕಾಡಿನಲ್ಲಿ, ಜಿಂಕೆ ಒಂದೇ ನೆಗೆತಕ್ಕೆ ದಾಟುವಷ್ಟು ಚಿಕ್ಕದೊಂದು ಹೊಳೆ ಹರಿಯುತ್ತಿತ್ತು. ಚಿಕ್ಕದಾದರೇನಂತೆ? ಜಿಂಕೆ, ಹಂದಿ, ಕಪ್ಪೆ, ಏಡಿ ಎಲ್ಲರ ಸಂಸಾರವೂ ಅದರ ನೀರಿನಿಂದಲೇ ನಡೆಯುತ್ತಿತ್ತು.

ಒಂದು ಬೇಸಿಗೆಯಲ್ಲಿ ನರಿಗೆ ದುರ್ಬುದ್ಧಿ ಹುಟ್ಟಿತು. ಹೊಳೆಯ ಮೇಲ್ಗಡೆ ಮಣ್ಣು ಕೆದರಿ, ಸೊಪ್ಪುಸದೆ ತುಂಬಿ, ಅಡ್ಡಲಾಗಿ ಒಡ್ಡು ಕಟ್ಟಿಬಿಟ್ಟಿತು. ನೀರೆಲ್ಲ ಅಲ್ಲೇ ನಿಂತಿತು. "ಬಾಯಾರಿದವರು ಬನ್ನಿ! ಬರುವಾಗ ನನಗೆ ತಿನ್ನಲು ಏನಾದರೂ ತನ್ನಿ!" ಎಂದು ಸಾರಿತು. ಎಂಥ ಭಂಡತನ ನೋಡಿ!

ಕೆಳಗಡೆ ಕೆಂಚಿ ಎಂಬ ಏಡಿಯಿತ್ತು. ಕೆಸರು ಒಣಗಿ ಅದರ ಮರಿಗಳು ಮಿಸುಕಾಡಲೂ ಆಗದೆ ಬಿದ್ದಿದ್ದವು.

"ಇನ್ನು ಸಾಯುವುದೇ ಗತಿ" ಎಂದು ಕಪ್ಪೆ ಗೊಣಗಿತು.

"ಸಾಯೋಕೆ ನಮಗೇನು ಗ್ರಹಚಾರ? ಒಡ್ಡು ಮಣ್ಣಿನದು ತಾನೇ? ನಾನು ಹೋಗಿ ಮಾತಾಡ್ತೀನಿ" ಎಂದು ಕೆಂಚಿ ಕೊಂಡಿ ಎತ್ತಿಕೊಂಡು ಹೊರಟೇಬಿಟ್ಟಿತು.

"ನರಿಮಾವ, ತರೋಕೆ ನಮ್ಮ ಹತ್ತಿರ ಏನೂ ಇಲ್ಲ. ನಿಮ್ಮ ಒಡ್ಡಿನಲ್ಲೇ ಬಿಲ ತೋಡಿಕೊಂಡು ಇರಬಹುದಾ?"

"ನೀನೊಬ್ಬಳೇನಾ?"

"ಅಯ್ಯೋ, ನಮ್ಮ ಬಳಗವೇ ಬರುತ್ತೆ ಮಾವ!"

ನರಿಯ ಬಾಯಲ್ಲಿ ನೀರೂರಿತು. ಮನೆಬಾಗಿಲಿಗೇ ಏಡಿ! ಹಸಿದಾಗ ಕೈ ಹಾಕಿದರಾಯಿತು. "ಬನ್ನಿ ಬನ್ನಿ, ನಿಮ್ಮದೇ ಮನೆ ಅಂದುಕೊಳ್ಳಿ" ಎಂದಿತು.

ಏಡಿಗೆ ಮಣ್ಣಿನ ಒಡ್ಡು ಸಿಕ್ಕರೆ ಕೇಳಬೇಕೆ? ಬಳಗವೆಲ್ಲ ಬಂದು, ಈ ಬದಿಯಿಂದ ಆ ಬದಿಯವರೆಗೆ ಕೊರೆದದ್ದೇ ಕೊರೆದದ್ದು. ಒಡ್ಡು ಒಳಗೊಳಗೇ ಟೊಳ್ಳಾಯಿತು.

ನರಿಗೆ ಹಸಿವಾಯಿತು. ಒಡ್ಡಿನ ಮೇಲೆ ಮಲಗಿ ಒಂದು ಬಿಲಕ್ಕೆ ಪಂಜ ತೂರಿಸಿತು. ಒಳಗಿದ್ದ ಕೆಂಚಿ ಕೊಂಡಿಯಿಂದ ಗಟ್ಟಿಯಾಗಿ ಹಿಡಿಯಿತು.

"ಅಯ್ಯಯ್ಯೋ! ಸತ್ತೆನಪ್ಪೋ!" ಎಂದು ನರಿ ಥಕಥಕ ಕುಣಿಯಿತು. ಟೊಳ್ಳು ಮಣ್ಣು ಆ ಕುಣಿತ ತಾಳೀತೇ? ಒಡ್ಡು ದಬಕ್ಕನೆ ಕುಸಿಯಿತು. ನೀರು ನುಗ್ಗಿತು. ನರಿ ಉರುಳುತ್ತ ಹೋಗಿ, ಕೆಳಗಡೆ ಎಲ್ಲ ಪ್ರಾಣಿಗಳ ಎದುರಿಗೇ ಬಿತ್ತು. ಕೆಂಚಿಯೂ ತೇಲಿ ಬಂದು ತನ್ನ ಮರಿಗಳನ್ನು ಸೇರಿಕೊಂಡಿತು. ಮರಿಗಳು ಆಗಲೇ ನೀರಿನಲ್ಲಿ ಆಡುತ್ತಿದ್ದವು.

ನರಿ ಮೈ ಕೊಡವಿ ಎದ್ದಿತು. "ಪಾಪ, ನಿಮಗೆ ನೀರು ಸಿಗಲಿ ಅಂತ ನಾನೇ ಒಡ್ಡು ಒಡೆದೆ" ಎಂದಿತು.

"ದೊಡ್ಡ ಉಪಕಾರವಾಯಿತು ಮಾವ" ಎಂದಿತು ಕೆಂಚಿ. "ಇನ್ನು ಮೇಲೆ ನೀವು ಎಲ್ಲರಿಗಿಂತ ಕೆಳಗಡೆ ನಿಂತು ಕುಡಿಯಿರಿ. ಅದೂ ಹಂದಿಗಳು ಹೊರಳಿ ಎದ್ದ ಮೇಲೆ."

ಹಂದಿಗಳು ಕೋರೆ ತೋರಿಸಿ "ಹೂಂ" ಎಂದವು. ನರಿ ತಲೆ ತಗ್ಗಿಸಿ ಕೆಳಗಡೆಗೆ ನಡೆಯಿತು.

ನೀತಿ: ಎಲ್ಲರಿಗೂ ಸೇರಿದ್ದನ್ನು ಒಬ್ಬನೇ ಕಬಳಿಸಲು ಹೊರಟವನು ತನ್ನ ದುರಾಸೆಯಿಂದಲೇ ಕೆಡುತ್ತಾನೆ.