ಗೂಡಿನಲ್ಲಿದ್ದದ್ದು ಯಾರ ಅಂಕಿ

ಹೊಳೆಯ ದಂಡೆಯ ಮೇಲೆ ಸೋಮಾರಾಧ್ಯರೆಂಬ ಗುರುಗಳಿದ್ದರು. ಎಂಥ ಗುರುಗಳು ಅಂತೀರಿ! ಅವರ ಪಾಠ ಮುಗಿಯುವ ತನಕ ಆ ದಂಡೆಯ ಸೊಳ್ಳೆಗಳೂ ಯಾರನ್ನೂ ಕಚ್ಚದೆ ಕಂಬದ ಮೇಲೆ ಕೂತು ಕೇಳುತ್ತಿದ್ದವು.

ಅವರು ಕಲಿಸುತ್ತಿದ್ದದ್ದು ಮಂತ್ರವಲ್ಲ. ಕರ್ನಲ್ ಬರೆಯುವ ವಿದ್ಯೆ.

ಕರ್ನಲ್ ಎಂದರೆ ಕಂಪ್ಯೂಟರಿನೊಳಗಿನ ಯಜಮಾನ. ಯಾವ ಪ್ರೋಗ್ರಾಂ ಓಡಬೇಕು, ಯಾವುದು ಕಾಯಬೇಕು ಎಂದು ಸರದಿ ಹಂಚುವವನು ಅವನೇ.

ಅವರ ಶಿಷ್ಯ ಕಪನಯ್ಯ. ಅವನು ಬರೆದ ಕರ್ನಲ್ ಎಷ್ಟು ಚುರುಕೆಂದರೆ, ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂದು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿರುತ್ತಿತ್ತು.

"ಇಷ್ಟು ಬೇಗ ಓಡೋಕೆ ಏನನ್ನ ಬಿಟ್ಟೆ?" ಎಂದು ಗುರುಗಳು ಕೇಳಿದ್ದರು.

"ಬೇಡದ್ದನ್ನ, ಬುದ್ಧಿ," ಎಂದು ಕಪನಯ್ಯ ನಕ್ಕಿದ್ದ.

ಗುರುಗಳು ಎದ್ದು ಸ್ನಾನಕ್ಕೆ ಹೋಗಿದ್ದರು.

ಆ ಕರ್ನಲ್ ಹೊಳೆಯ ಪಕ್ಕದ ಯಂತ್ರಕ್ಕೆ ಹೋಯಿತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಹರಿಗೋಲು ದಾಟುವ ಕಡವಿಗೆ ಯಾವಾಗ ಬಂದು ಮುಟ್ಟುತ್ತದೆಂದು ಒಂದು ಪ್ರೋಗ್ರಾಂ ಲೆಕ್ಕ ಹಾಕುತ್ತಿತ್ತು. ನೀರು ಬರುವುದಕ್ಕೆ ಮುಂಚೆ ಸೈರನ್ ಕೂಗಬೇಕು. ಕೂಗಿದರೆ ಹರಿಗೋಲಿನವರು ದಡಕ್ಕೆ ಬರಬೇಕು.

ಆ ಸಲ ನೀರು ಬಂತು. ಕೂಗು ಆಮೇಲೆ ಬಂತು.

ಹರಿಗೋಲಿನ ಬೆಟ್ಟನಾಯಕ ಬರಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ಕಪನಯ್ಯ ಅನ್ನ ಮುಟ್ಟಲಿಲ್ಲ. ತಾನು ಬರೆದದ್ದನ್ನೆಲ್ಲ ಸಾಲು ಸಾಲಾಗಿ ತಿರುವಿ ಹಾಕಿದ. ಒಂದು ಬೆಳಿಗ್ಗೆ ಗುರುಗಳ ಎದುರು ಬಂದು ನಿಂತ.

"ಸಿಕ್ಕಿತು, ಬುದ್ಧಿ."

"ಏನು?"

"ದಶಾಂಶದ ಲೆಕ್ಕಕ್ಕೆ ಪ್ರೊಸೆಸರಿನಲ್ಲಿ ಕೆಲವೇ ಗೂಡುಗಳಿವೆಯಲ್ಲ, ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರು. ಎಲ್ಲ ಪ್ರೋಗ್ರಾಮಿಗೂ ಅವೇ ಗೂಡು. ಸರದಿ ಬದಲಾದಾಗ ಒಬ್ಬನ ಅಂಕಿ ಎತ್ತಿಟ್ಟು ಇನ್ನೊಬ್ಬನದ್ದು ಇಡ್ತಿದ್ದೆ. ಅದರಲ್ಲಿ ತಪ್ಪಿಲ್ಲ."

"ಮತ್ತೆ?"

"ಕರ್ನಲ್ ತನ್ನದೇ ಒಂದು ಪುಟ್ಟ ಲೆಕ್ಕಕ್ಕೆ ಆ ಗೂಡು ಬಳಸ್ತಿತ್ತು. ಆಗ ಮಾತ್ರ ಒಳಗಿದ್ದದ್ದನ್ನ ಎತ್ತಿಡ್ತಿರಲಿಲ್ಲ. ಎತ್ತಿಟ್ಟು ವಾಪಸ್ ಇಡೋಕೆ ಹೊತ್ತು ಹಿಡಿಯುತ್ತೆ. ರೆಪ್ಪೆ ಬಡಿಯೋದರೊಳಗೆ ಹೊರಗೆ ಬಂದುಬಿಡ್ತೀನಲ್ಲ ಅಂದ್ಕೊಂಡೆ."

"ಒಳಗಿದ್ದದ್ದು ಯಾರ ಅಂಕಿ?"

ಕಪನಯ್ಯ ಹೊಳೆಯ ಕಡೆ ನೋಡಿದ.

"ನೀರಿನ ಲೆಕ್ಕದ್ದು ಇದ್ದಿರಬಹುದು. ಇಲ್ಲದೆಯೂ ಇರಬಹುದು. ಬೆಟ್ಟಣ್ಣ ಕೂಗು ಕೇಳಿಯೂ ನೀರಿಗಿಳಿದಿದ್ದರೆ ನನ್ನ ತಪ್ಪೇನು, ಬುದ್ಧಿ? ಅವನು ಸ್ವಲ್ಪ ಮೊಂಡ."

ಗುರುಗಳು ದೊಣ್ಣೆ ತೆಗೆದುಕೊಂಡರು. ಹತ್ತೂರಿನ ನಾಯಿಗಳು ಆ ದೊಣ್ಣೆಯ ಸದ್ದಿಗೆ ಬಾಲ ಮಡಚುತ್ತಿದ್ದವಂತೆ.

"ನಡಿ, ಅವನ ಮನೆಗೆ."

ದಾರಿಯಲ್ಲಿ ಒಂದೇ ಮಾತಾಡಿದರು.

"ನೀನು ಬಿಟ್ಟೆ. ಏನು ಬಿಟ್ಟೆ ಅಂತ ಕೇಳಿ, ಸರಿಯಾದ ಉತ್ತರ ಬರೋ ಮುಂಚೆ ನಾನು ಎದ್ದೆ."

ಬೆಟ್ಟನಾಯಕನ ಹೆಂಡತಿ ದ್ಯಾವಮ್ಮ ನಡುಮನೆಯಲ್ಲಿ ಕೂತು ತಿಥಿಗೆ ಅಕ್ಕಿ ಅಳೆಯುತ್ತಿದ್ದಳು. ಗುರುಗಳನ್ನು ಕಂಡು ಕಣ್ಣಲ್ಲೇ ಬನ್ನಿ ಎಂದಳು. ಬಾಯಿ ಅಳತೆಯಲ್ಲಿತ್ತು.

"ಲಾಭ... ಎರಡು... ಮೂರು..." ಅಳೆಯುವವರಿಗೆ ಮೊದಲ ಸೇರು ಒಂದಲ್ಲ, ಲಾಭ.

ಸೇರು ಮೂಟೆಗಿಳಿಯುತ್ತಿತ್ತು, ಪಕ್ಕದ ಬಿದಿರು ಬುಟ್ಟಿಗೆ, ಮಂಕರಿಗೆ, ಸುರಿಯುತ್ತಿತ್ತು. ಮಂಕರಿ ಅರ್ಧ ತುಂಬಿತು.

ಕಪನಯ್ಯನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಅವತ್ತು ಅಣ್ಣ ಹೊಳೆಗಿಳಿದಾಗ ಕೂಗು ಆಗಿತ್ತಾ?"

ದ್ಯಾವಮ್ಮನ ಕೈ ನಿಂತಿತು.

"ಆಗಿದ್ರೆ ಇಳೀತಿದ್ರಾ, ಕಪನಯ್ಯ? ಮೊದಲೆಲ್ಲ ಮೋಡ ನೋಡೋರು, ನೀರಿನ ಬಣ್ಣ ನೋಡೋರು. ಈ ಯಂತ್ರ ಬಂದ ಮೇಲೆ ಎಲ್ಲಾ ಬಿಟ್ಟಿದ್ರು. 'ನಮ್ಮ ಕಪನಯ್ಯನೇ ಕೂರಿಸಿರೋದು ಕಣೇ, ಅದು ಸುಮ್ಮನಿದೆ ಅಂದ್ರೆ ಹೊಳೆಯೂ ಸುಮ್ಮನಿದೆ' ಅಂತ ಹೇಳೇ ಹೋದ್ರು."

ಕಪನಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಅವಳು ಕೈಯಲ್ಲಿದ್ದ ಸೇರನ್ನು ನೋಡಿದಳು. ಮಂಕರಿಯನ್ನು ನೋಡಿದಳು.

"ಎಷ್ಟಾಗಿತ್ತು?"

ಯಾರಿಗೂ ಗೊತ್ತಿರಲಿಲ್ಲ.

ಅವಳು ಬೈಯಲಿಲ್ಲ. ಮಂಕರಿ ಎತ್ತಿ, ಅಳೆದದ್ದನ್ನೆಲ್ಲ ಮೂಟೆಗೆ ಸುರಿದಳು.

"ಲಾಭ..."

ಗುರುಗಳು ಕಪನಯ್ಯನನ್ನು ಜಗಲಿಗೆ ಕರೆತಂದರು.

"ಏನು ಮಾಡಿದೆ ಈಗ?"

"ಲೆಕ್ಕ ತಪ್ಪಿಸಿದೆ."

"ಎಷ್ಟು ಹೊತ್ತಿನ ಮಾತು ನಿಂದು?"

"ಒಂದು ಪ್ರಶ್ನೆ, ಬುದ್ಧಿ. ಅಷ್ಟೇ."

"ಅವಳಿಗೆ ತಪ್ಪಿತು ಅಂತ ಗೊತ್ತಾಯ್ತು. ಸುರಿದು ಮತ್ತೆ ಅಳೀತಿದಾಳೆ. ಯಂತ್ರದೊಳಗಿನ ಆ ಬಡಪಾಯಿ ಪ್ರೋಗ್ರಾಮಿಗೆ ಹೇಗೆ ಗೊತ್ತಾಗ್ಬೇಕು? ತಿರುಗಿ ಬಂದು ನೋಡಿದಾಗ ಗೂಡಿನಲ್ಲಿ ಒಂದು ಅಂಕಿ ಇತ್ತು. ತನ್ನದೇ ಅಂದ್ಕೊಂಡಿತು. ಲೆಕ್ಕ ಮುಂದುವರಿಸಿತು."

ಒಳಗೆ ಅಕ್ಕಿ ಸುರಿಯುವ ಸದ್ದು ಕೇಳುತ್ತಿತ್ತು.

"ಸರಿ ಮಾಡಿದೀನಿ, ಬುದ್ಧಿ," ಎಂದ ಕಪನಯ್ಯ. "ಈಗ ಮೊದಲು ಎತ್ತಿಡುತ್ತೆ, ಆಮೇಲೆ ಮುಟ್ಟುತ್ತೆ, ಕೆಲಸ ಮುಗಿದ ಮೇಲೆ ಇದ್ದ ಹಾಗೇ ಇಡುತ್ತೆ. ಹಗಲೂ ರಾತ್ರಿ ಓಡಿಸಿ ನೋಡಿದೀನಿ. ಇನ್ಮೇಲೆ ಯಾರ ಅಂಕಿಯೂ ಕೆಡಲ್ಲ."

"ಒಳ್ಳೇದು."

"ಒಳ್ಳೇದಾ?"

"ಮುಂದಿನವನಿಗೆ ಒಳ್ಳೇದು."

ಕಪನಯ್ಯ ಮುಖ ಮುಚ್ಚಿಕೊಂಡು ಕೂತ. ಅವನ ಚುರುಕು ಎಲ್ಲಿ ಹೋಯಿತೋ, ಒಂದು ಉಸಿರು ಬಂದು ಇನ್ನೊಂದು ಬರುವುದಕ್ಕೇ ಬಹಳ ಹೊತ್ತಾಗುತ್ತಿತ್ತು.

ಆಮೇಲೆ ದಡಕ್ಕನೆ ಎದ್ದ.

"ಹೇಳಿಬಿಡ್ತೀನಿ, ಬುದ್ಧಿ. ನಿನ್ನ ಗಂಡ ಹೋಗಿದ್ದು ನನ್ನಿಂದ ಅಂತ ಅವಳ ಕಾಲು ಹಿಡಿದು ಈಗಲೇ ಹೇಳಿಬಿಡ್ತೀನಿ. ಬೈಯಲಿ, ಹೊಡೀಲಿ. ನನ್ನ ಕೈಲಿ ಇಟ್ಕೊಳ್ಳೋಕೆ ಆಗ್ತಿಲ್ಲ."

ಹೊಸ್ತಿಲಿಗೆ ಕಾಲಿಟ್ಟ. ಗುರುಗಳು ದೊಣ್ಣೆ ಅಡ್ಡ ಹಿಡಿದರು.

ಒಳಗೆ ದ್ಯಾವಮ್ಮ ಬಗ್ಗಿ ಸೇರು ತುಂಬುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು.

"ಹೇಳಲೇಬೇಕು, ಹೇಳುವೆಯಂತೆ," ಎಂದರು ಗುರುಗಳು. "ಅವಳು ಅಳೆದು ಮುಗಿಸಲಿ. ಅಲ್ಲೀತನಕ ಅದನ್ನ ನೀನೇ ಹಿಡ್ಕೊಂಡಿರು."